ಬೋರಿನ ಅಳತೆ, ಬಾತಿನ ಬೇಟೆ ಮತ್ತು ಪ್ರಭುತ್ವ: ಮಲಪ್ರಭಾ ತೀರದ ನಾಲ್ಕು ತಾಲ್ಲೂಕುಗಳಲ್ಲಿ ಬಂದೂಕಿನ ಚರಿತ್ರೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಬಹುಮಟ್ಟಿಗೆ ಮಲಪ್ರಭಾ ನದಿಯ ನೀರನ್ನು ಅವಲಂಬಿಸಿದ ಪ್ರದೇಶಗಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಪೂರ್ವಕ್ಕೆ ಹರಿದು, ಸವದತ್ತಿಯ ಸಮೀಪ ನವಿಲುತೀರ್ಥದ ಬೆಟ್ಟವನ್ನು ಸೀಳಿಕೊಂಡು, ರಾಮದುರ್ಗವನ್ನು ದಾಟಿ ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮದ ಕಿತ್ತೂರು ಭಾಗದಲ್ಲಿ ಮಳೆ ಹೆಚ್ಚು; ಅಲ್ಲಿ ಕೆರೆಗಳೂ ಬತ್ತದ ಗದ್ದೆಗಳೂ ಇವೆ. ಪೂರ್ವಕ್ಕೆ ಸರಿದಂತೆ ಜೋಳ, ಹತ್ತಿ, ಕಡಲೆ ಬೆಳೆಯುವ ಎರೆಭೂಮಿ ಹರಡಿಕೊಳ್ಳುತ್ತದೆ. ಬ್ರಿಟಿಷರ ಆಡಳಿತದಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವಿ ತಾಲ್ಲೂಕಿಗೂ ಸವದತ್ತಿ ಪರಸಗಡ ತಾಲ್ಲೂಕಿಗೂ ಸೇರಿದ್ದವು. ರಾಮದುರ್ಗವು ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು.

ಈ ಪ್ರದೇಶದ ಚರಿತ್ರೆಯನ್ನು ಬರೆಯುವಾಗ ಬಂದೂಕು ಸಾಮಾನ್ಯವಾಗಿ ಯುದ್ಧದ ಆಯುಧವಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಆದರೆ ಅದು ಹೊಲದ ಬದುವಿನ ಮತ್ತು ಕೆರೆಯ ಏರಿಯ ಉಪಕರಣವೂ ಆಗಿತ್ತು. ಚಳಿಗಾಲದಲ್ಲಿ ನೀರಿಗೆ ಬರುವ ಬಾತುಗಳ ಬೇಟೆ ಅದರ ಒಂದು ಬಳಕೆ. ಈ ಬೇಟೆಯ ಬಂದೂಕನ್ನು ಅಳೆಯುವ ಮಾನ ‘ಬೋರ್’. ಇಂದು 12 ಬೋರ್ ಎಲ್ಲೆಡೆ ಪರಿಚಿತವಾಗಿದೆ. 16, 20, 24 ಮತ್ತು 410 ಎಂಬ ಅಳತೆಗಳು ವಿರಳ. ಈ ವಿರಳ ಅಳತೆಗಳು ಭಾರತದ ಗ್ರಾಮಾಂತರಕ್ಕೆ ಬಂದ ಬಗೆಯನ್ನು ಪರಿಶೀಲಿಸಿದರೆ, ಬೇಟೆಗಾರನ ಅಭಿರುಚಿಗಿಂತ ಪ್ರಭುತ್ವದ ಅಪನಂಬಿಕೆಯೇ ಅವುಗಳ ಪ್ರಸಾರವನ್ನು ಹೆಚ್ಚಾಗಿ ನಿರ್ಧರಿಸಿತೆಂಬುದು ಸ್ಪಷ್ಟವಾಗುತ್ತದೆ. ಆ ಸಂಬಂಧವನ್ನು ಈ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಂದೂಕಿಗೆ ಮುಂಚಿನ ಬೇಟೆ

ನೀರುಹಕ್ಕಿಗಳ ಬೇಟೆ ಈ ನಾಡಿಗೆ ಬಂದೂಕಿನೊಡನೆ ಬಂದುದಲ್ಲ. ಸವದತ್ತಿಯ ರಟ್ಟರು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ, ಕ್ರಿ.ಶ. 1130ರ ಸುಮಾರಿಗೆ, ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ರಾಜರ ವಿನೋದಗಳಲ್ಲಿ ಮೃಗಯೆಯನ್ನೂ ಡೇಗೆಯಿಂದ ಹಕ್ಕಿಗಳನ್ನು ಹಿಡಿಸುವ ಶ್ಯೇನವಿನೋದವನ್ನೂ ವಿವರಿಸುತ್ತದೆ. ಅರಮನೆಗೆ ಡೇಗೆ ಇದ್ದಂತೆ ಸಾಮಾನ್ಯ ಜನರಿಗೆ ಬಲೆ ಮತ್ತು ಉರುಲುಗಳಿದ್ದವು. ಬೇಡರು, ಹರಣಶಿಕಾರಿಗಳು ಮೊದಲಾದ ಸಮುದಾಯಗಳಿಗೆ ಬೇಟೆ ಜೀವನೋಪಾಯವೇ ಆಗಿತ್ತು. ಹರಣಶಿಕಾರಿಗಳ ಉರುಲಿನ ಕೌಶಲ ಉತ್ತರ ಕರ್ನಾಟಕದಲ್ಲೆಲ್ಲ ಪ್ರಸಿದ್ಧವಾದುದು.

ಕನ್ನಡ ಕಾವ್ಯಗಳಲ್ಲಿ ವಿರಹದ ಸಂಕೇತವಾಗಿ ಮತ್ತೆ ಮತ್ತೆ ಬರುವ ಚಕ್ರವಾಕವೂ ಒಂದು ಬಾತೇ. ಚಳಿಗಾಲದಲ್ಲಿ ಉತ್ತರದಿಂದ ಬಂದು ಹೊಳೆಯ ಮರಳದಂಡೆಗಳಲ್ಲಿ ಜೋಡಿಯಾಗಿ ತಂಗುವ ಈ ಹಕ್ಕಿಯನ್ನು ಕವಿಗಳು ಬಲ್ಲವರಾಗಿದ್ದರು. ಹೀಗೆ ಬಾತು ಆಹಾರವಾಗಿಯೂ ಕಾವ್ಯಪ್ರತಿಮೆಯಾಗಿಯೂ ಈ ನಾಡಿನ ಬದುಕಿನಲ್ಲಿ ಮೊದಲಿನಿಂದ ಇದ್ದಿತು. ಬಂದೂಕು ಬಂದುದು ತಡವಾಗಿ. ಅದೂ ಬೇಟೆಗಾಗಿ ಅಲ್ಲ, ಚಾಕರಿಗಾಗಿ.

ಭೂಮಿಯೊಡನೆ ಬಂದ ಬಂದೂಕು

ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿಗಳೆಂಬ ಒಂದು ವರ್ಗವಿತ್ತು. ಕಾವಲು ಮತ್ತು ಯುದ್ಧದ ಸೇವೆಗೆ ಪ್ರತಿಯಾಗಿ ಸಂಸ್ಥಾನದಿಂದ ಭೂಮಿಯನ್ನು ಪಡೆದವರು ಇವರು. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಈ ವರ್ಗಕ್ಕೆ ಸೇರಿದವನು. ಶೇತಸನದಿಗೆ ಆಯುಧ ಹಿಡಿಯುವುದು ಯಾರಾದರೂ ಬರೆದುಕೊಡುವ ಅನುಮತಿಯಾಗಿರಲಿಲ್ಲ. ಅದು ಅವನ ಹೊಲದೊಡನೆ ಬಂದ ಕರ್ತವ್ಯ ಮತ್ತು ಹಕ್ಕು. ಅಂದಿನ ಬಂದೂಕುಗಳು ಬತ್ತಿಯಿಂದ ಅಥವಾ ಚಕಮಕಿ ಕಲ್ಲಿನಿಂದ ಹೊತ್ತಿಕೊಳ್ಳುವಂಥವು. ನಳಿಗೆಯನ್ನು ಕಮ್ಮಾರರು ಕೈಯಿಂದ ಬಡಿದು ಮಾಡುತ್ತಿದ್ದುದರಿಂದ ಒಂದರ ಅಳತೆ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಆಯಾ ಬಂದೂಕಿಗೆ ಅದರದೇ ಗುಂಡಿನ ಅಚ್ಚು ಬೇಕಾಗುತ್ತಿತ್ತು. ಗುಂಡಿನ ಬದಲು ಚರೆ ತುಂಬಿದರೆ ಅದೇ ಬಂದೂಕು ಹಕ್ಕಿಯ ಬೇಟೆಗೂ ಒದಗುತ್ತಿತ್ತು.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅವನನ್ನು ಗುಂಡಿಟ್ಟು ಕೊಂದವನು ಅಮಟೂರ ಬಾಳಪ್ಪನೆಂಬುದು ಜನಪ್ರಸಿದ್ಧವಾದ ಸಂಗತಿ. ಅಂದು ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬನು ವಾಲ್ಟರ್ ಎಲಿಯಟ್. ಸ್ಟೀವನ್‌ಸನ್ ಎಂಬ ಇನ್ನೊಬ್ಬನೊಡನೆ ಅವನು ಡಿಸೆಂಬರ್ ಆರಂಭದವರೆಗೆ ಕಿತ್ತೂರಿನ ವಶದಲ್ಲಿದ್ದು, ಯಾವ ಅಪಾಯವೂ ಇಲ್ಲದೆ ಬಿಡುಗಡೆಯಾದನು. ಕರ್ನಾಟಕದ ಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸಿದ ವಿದ್ವಾಂಸನಾಗಿ ಎಲಿಯಟ್‌ನನ್ನು ಸಂಶೋಧಕರು ಬಲ್ಲರು. 1839ರಲ್ಲಿ ‘ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್’ ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು, ಕನ್ನಡದ ಹೆಸರುಗಳನ್ನೂ ಸೇರಿಸಿ, ಪ್ರಕಟಿಸಿದವನೂ ಅವನೇ. ಈ ಸೀಮೆಯ ಪ್ರಾಣಿಗಳ ವೈಜ್ಞಾನಿಕ ದಾಖಲೆಯನ್ನು ಆರಂಭಿಸಿದವರಲ್ಲಿ ಒಬ್ಬನು ಕಿತ್ತೂರಿನ ಸೆರೆಯನ್ನು ಕಂಡವನಾಗಿದ್ದನೆಂಬುದು ಗಮನಾರ್ಹ.

ಡಿಸೆಂಬರಿನಲ್ಲಿ ಕಿತ್ತೂರು ಪತನವಾಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಶೇತಸನದಿಗಳ ಭೂಮಿಗೆ ಕೈಹಚ್ಚಿದ ಕಂಪನಿಯ ಕಂದಾಯನೀತಿ ರಾಯಣ್ಣನ ಬಂಡಾಯಕ್ಕೆ ಒಂದು ಮುಖ್ಯ ಕಾರಣವಾಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಹೊಲದೊಡನೆ ಬಂದಿದ್ದ ಬಂದೂಕಿನ ಹಕ್ಕಿನ ತಳಹದಿ ಅಲ್ಲಿಗೆ ಕುಸಿಯಿತು.

ಬೋರ್ ಎಂಬ ಅಳತೆ

ಇದೇ ಕಾಲಾವಧಿಯಲ್ಲಿ ಯುರೋಪಿನ ಬಂದೂಕಿನಲ್ಲಿ ದೊಡ್ಡ ಬದಲಾವಣೆಯೊಂದು ನಡೆಯುತ್ತಿತ್ತು. ಅದರ ಮೂಲದಲ್ಲಿಯೂ ಬಾತಿನ ಬೇಟೆಯೇ ಇದ್ದಿತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್‌ನು ಬೇಟೆಗೆ ಹೋದಾಗ, ಚಕಮಕಿಯ ಕಿಡಿ ಮತ್ತು ಹೊಗೆಯನ್ನು ಕಂಡ ಹಕ್ಕಿಗಳು ಗುಂಡು ಹೊರಡುವ ಮೊದಲೇ ಎಚ್ಚೆತ್ತು ಹಾರುತ್ತಿದ್ದುದನ್ನು ಗಮನಿಸಿದನು. ಹೊಡೆತಕ್ಕೆ ತಕ್ಷಣ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯವನ್ನು ರೂಪಿಸಿ 1807ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಮುಂದೆ ಬಂದ ಕೇಪಿನ ಬಂದೂಕಿಗೆ ಇದೇ ಆಧಾರ. ಶತಮಾನದ ನಡುಭಾಗದ ಹೊತ್ತಿಗೆ ಹಿಂಬದಿಯಿಂದ ತೋಟಾ ತುಂಬುವ ಬಂದೂಕು ಬಳಕೆಗೆ ಬಂದಿತು.

ತೋಟಾ ಬಂದ ಮೇಲೆ ನಳಿಗೆಗೆ ನಿಶ್ಚಿತ ಅಳತೆ ಅನಿವಾರ್ಯವಾಯಿತು. ಒಂದು ಪೌಂಡ್ ಸೀಸವನ್ನು ಸಮತೂಕದ ಎಷ್ಟು ಗುಂಡುಗಳಾಗಿ ಎರಕಹೊಯ್ದರೆ ಒಂದೊಂದು ಗುಂಡೂ ನಳಿಗೆಯೊಳಗೆ ಸರಿಯಾಗಿ ಕೂರುವುದೋ ಆ ಸಂಖ್ಯೆಯೇ ಬೋರ್. ಆದುದರಿಂದ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 16ರದು 16.8, 20ರದು 15.6. 16 ಬೋರಿನ ಗುಂಡು ಸರಿಯಾಗಿ ಒಂದು ಔನ್ಸ್ ತೂಗುತ್ತದೆ. 410 ಎಂಬುದು ಮಾತ್ರ ಈ ಲೆಕ್ಕಕ್ಕೆ ಸೇರಿದುದಲ್ಲ. ಅದು ಅಂಗುಲದ ಸಾವಿರದ ಒಂದು ಭಾಗಗಳಲ್ಲಿ ಹೇಳಿದ ವ್ಯಾಸ, ಅಂದರೆ ಸುಮಾರು 10.4 ಮಿಲಿಮೀಟರ್. ಇಂಗ್ಲೆಂಡಿನಲ್ಲಿ 1868ರ ಕಾಯಿದೆಯೊಂದು ನಳಿಗೆಗಳ ಪರೀಕ್ಷೆಯ ನಿಯಮಗಳೊಡನೆ ಬೋರುಗಳ ಕೋಷ್ಟಕವನ್ನೂ ನಿಗದಿಪಡಿಸಿತು.

ಬಾತಿನ ಬೇಟೆಯಲ್ಲಿ ಈ ಅಳತೆಗೆ ನೇರವಾದ ಪರಿಣಾಮವಿದೆ. ಬಾತಿನ ಗರಿ ದಟ್ಟ, ಹಾರಾಟ ವೇಗವಾದುದು, ಹೊಡೆಯಬೇಕಾದ ದೂರವೂ ಹೆಚ್ಚು. ಬ್ರಿಟಿಷ್ ಅಳತೆಯ 6ನೆಯ ನಂಬರಿನ ಚರೆ ಔನ್ಸಿಗೆ ಸುಮಾರು 270 ಕಾಳುಗಳಾಗುತ್ತದೆ. ರೂಢಿಯ ತೋಟಾದಲ್ಲಿ 12 ಬೋರಿಗೆ ಸುಮಾರು 287, 16ಕ್ಕೆ 253, 20ಕ್ಕೆ 219, ಎರಡೂವರೆ ಅಂಗುಲದ 410ಕ್ಕೆ 118 ಕಾಳುಗಳು ಹಿಡಿಯುತ್ತವೆ. ಕಾಳು ಕಡಿಮೆಯಾದಂತೆ ಚರೆಯ ಹರಹು ತೆಳುವಾಗಿ, ಹಕ್ಕಿ ಗಾಯಗೊಂಡು ತಪ್ಪಿಸಿಕೊಳ್ಳುವ ಸಂಭವ ಹೆಚ್ಚುತ್ತದೆ. ಈ ಕಾರಣದಿಂದಲೇ ಯುರೋಪಿನ ಬಾತಿನ ಬೇಟೆಗಾರರು 10, 8 ಮತ್ತು 4 ಬೋರಿನ ಭಾರಿ ಬಂದೂಕುಗಳನ್ನೂ ಬಳಸಿದರು. ಚಿಕ್ಕ ಬೋರನ್ನು ಆರಿಸಿಕೊಂಡವನು ಹಗುರವಾದ ಬಂದೂಕಿನ ಸಲುವಾಗಿ ದೂರವನ್ನು ಬಿಟ್ಟುಕೊಡುತ್ತಿದ್ದನು. ಹಕ್ಕಿಯನ್ನು ಹತ್ತಿರದಿಂದಲೇ ಹೊಡೆಯುವ ತಾಳ್ಮೆ ಅವನಿಗೆ ಬೇಕಾಗುತ್ತಿತ್ತು. ಅದು ಆಯ್ಕೆಯಿದ್ದವರ ಮಾತು. ಭಾರತದಲ್ಲಿ ಚಿಕ್ಕ ಬೋರು ಬಂದ ದಾರಿಯೇ ಬೇರೆ.

ನಿಶ್ಶಸ್ತ್ರೀಕರಣ ಮತ್ತು ವಿರಳ ಬೋರುಗಳು

1857ರ ಬಂಡಾಯದ ಬೆನ್ನಲ್ಲೇ ಕಂಪನಿ ಸರಕಾರವು ಆಯುಧಗಳ ನೋಂದಣಿ ಮತ್ತು ಪರವಾನಗಿಯನ್ನು ಕಡ್ಡಾಯಗೊಳಿಸಿತು. ದಕ್ಷಿಣ ಮರಾಠಾ ಸೀಮೆಯಲ್ಲಿ ಅದನ್ನು ಬಹಿರಂಗವಾಗಿ ಧಿಕ್ಕರಿಸಿದವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ನವೆಂಬರ್ ಕೊನೆಯಲ್ಲಿ ಸೈನ್ಯ ಆ ಊರನ್ನು ಮುತ್ತಿ ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಯ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದನು. ಹಲಗಲಿಯ ಪ್ರಸಂಗವನ್ನು ಸ್ವಾತಂತ್ರ್ಯಹೋರಾಟದ ಅಧ್ಯಾಯವಾಗಿ ಓದುವುದು ಸರಿಯೇ. ಅದರ ಜೊತೆಗೆ, ಬೇಟೆಯಿಂದ ಬದುಕುತ್ತಿದ್ದ ಸಮುದಾಯವೊಂದಕ್ಕೆ ಆಯುಧವನ್ನು ಒಪ್ಪಿಸುವುದೆಂದರೆ ಅನ್ನದ ಸಾಧನವನ್ನು ಒಪ್ಪಿಸುವುದೆಂಬ ಅಂಶವನ್ನೂ ಪರಿಗಣಿಸಬೇಕಾಗುತ್ತದೆ. ಮರುವರ್ಷ, 1858ರ ಮೇ 29ರ ರಾತ್ರಿ, ಇಂದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದ ಬಾಬಾಸಾಹೇಬನ ಕಡೆಯವರಿಂದ ಹತನಾದನು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಇದೇ ವೇಳೆಗೆ ಸರಕಾರದ ಅಪನಂಬಿಕೆ ತನ್ನ ಸ್ವಂತ ಸಿಪಾಯಿಗಳ ಬಂದೂಕಿನ ಮೇಲೂ ಕೈಯಿಟ್ಟಿತು. ಬ್ರಿಟಿಷ್ ಸೈನಿಕರ ಕೈಯಲ್ಲಿದ್ದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ನಳಿಗೆ 0.577 ಅಂಗುಲದ್ದು, ಬೋರಿನ ಲೆಕ್ಕದಲ್ಲಿ ಅದು ಸುಮಾರು 24. ಅದರ ಒಳಗಿನ ಸುರುಳಿಗೆರೆಗಳಿಂದ ಗುಂಡು ತಿರುಗುತ್ತ ಹೊರಟು ದೂರದ ಗುರಿಯನ್ನು ಮುಟ್ಟುತ್ತಿತ್ತು. ಬಂಡಾಯದ ನಂತರ ಭಾರತೀಯ ಸಿಪಾಯಿಗಳಿಗೆ ಕೊಟ್ಟ 1858ರ ಮಾದರಿಯ ಬಂದೂಕಿನಲ್ಲಿ ಈ ಗೆರೆಗಳಿರಲಿಲ್ಲ. ನಳಿಗೆಯನ್ನು ಸುಮಾರು 0.65 ಅಂಗುಲಕ್ಕೆ ಅಗಲಗೊಳಿಸಿ ನುಣುಪು ಮಾಡಲಾಗಿತ್ತು. ಇದು 16 ಬೋರಿಗೆ ತೀರ ಸಮೀಪದ ಅಳತೆ. ನುಣುಪು ನಳಿಗೆಯಿಂದ ಹೊರಟ ಗುಂಡು ದೂರಕ್ಕೆ ಹೋದಂತೆ ಗುರಿತಪ್ಪುತ್ತದೆ. ಉದ್ದೇಶವೂ ಅದೇ ಆಗಿತ್ತು. ಬೇಟೆಗಾರನ ಮಟ್ಟಿಗೆ ನುಣುಪು ನಳಿಗೆ ಚರೆ ಹಾರಿಸಲು ಯೋಗ್ಯವಾದ ಗುಣ. ಸಿಪಾಯಿಯ ಮಟ್ಟಿಗೆ ಅದು ಕಿತ್ತುಕೊಂಡ ಸಾಮರ್ಥ್ಯ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಕ್ರಮ ಇನ್ನಷ್ಟು ಕಿರಿದಾದ ಅಳತೆಯಲ್ಲಿ ಮರುಕಳಿಸಿತು. ಬಂಗಾಲದ ಈಶಾಪುರ ಕಾರ್ಖಾನೆಯಲ್ಲಿ 303 ರೈಫಲ್ಲುಗಳ ನಳಿಗೆಯನ್ನು 410 ಅಳತೆಗೆ ನುಣುಪುಗೊಳಿಸಿ, ಒಮ್ಮೆಗೆ ಒಂದೇ ತೋಟಾ ಹಾರುವಂತೆ ಮಾರ್ಪಡಿಸಿ, ಪೊಲೀಸರಿಗೂ ಸೆರೆಮನೆಯ ಕಾವಲಿನವರಿಗೂ ಒದಗಿಸಲಾಯಿತು. ಬೇರೆ ದೇಶಗಳಲ್ಲಿ ಹುಡುಗರಿಗೆ ಬೇಟೆ ಕಲಿಸುವ ಹಗುರ ಬಂದೂಕಿನ ಅಳತೆಯಾಗಿದ್ದ 410, ಭಾರತದಲ್ಲಿ ಠಾಣೆಯ ಮಸ್ಕೆಟ್ಟಾಗಿ ಪರಿಚಿತವಾಯಿತು. ಅದರ ತೋಟಾ 303ರ ಕವಚದಿಂದಲೇ ಮಾಡಿದ ವಿಶಿಷ್ಟ ತೋಟಾ ಆಗಿತ್ತು. ಜಪ್ತಿಯಾಗಿಯೋ ಕಳುವಾಗಿಯೋ ಬಂದೂಕು ಅನ್ಯರ ಕೈಸೇರಿದರೂ ಅದರಿಂದ ಹೆಚ್ಚಿನ ಹಾನಿಯಾಗದಂತೆ ನೋಡಿಕೊಳ್ಳುವ ಎಚ್ಚರ ಈ ಏರ್ಪಾಟಿನಲ್ಲಿ ಕಾಣುತ್ತದೆ.

1878ರ ಆಯುಧ ಕಾಯಿದೆಯು ಪರವಾನಗಿಯ ಪದ್ಧತಿಯನ್ನು ಶಾಶ್ವತಗೊಳಿಸಿತು. ಭಾರತೀಯನು ಪರವಾನಗಿಯಿಲ್ಲದೆ ಬಂದೂಕು ಒಯ್ಯುವಂತಿರಲಿಲ್ಲ, ಐರೋಪ್ಯರಿಗೆ ವಿನಾಯಿತಿಯಿತ್ತು. ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳಲ್ಲಿಯೇ ಈ ತಾರತಮ್ಯ ಆಕ್ಷೇಪಣೆಗೆ ಒಳಗಾಯಿತು. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಸಂಸ್ಥಾನಗಳಲ್ಲಿ ತಾವಾಗಿಯೇ ಜಾರಿಗೆ ಬರುತ್ತಿರಲಿಲ್ಲವಾದುದರಿಂದ ಒಂದೇ ಹೊಳೆಯ ದಂಡೆಯಲ್ಲಿ ಎರಡು ಆಡಳಿತಗಳ ನಿಯಮಗಳು ನಡೆದವು: ಸವದತ್ತಿಯಲ್ಲಿ ಸರಕಾರದವು, ರಾಮದುರ್ಗದಲ್ಲಿ ಸಂಸ್ಥಾನದವು. ಈ ಸ್ಥಿತಿ ರಾಮದುರ್ಗವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಮುಂದುವರಿಯಿತು.

ಇಲ್ಲಿ ಕೊಡಗಿನ ಉದಾಹರಣೆ ಬೋಧಪ್ರದವಾಗಿದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ದೊರೆಯಿತು. ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ಜಮ್ಮಾ ಭೂಮಿಯಂತೆ ಶೇತಸನದಿ ಭೂಮಿಯೂ ಸೇವೆಗೆ ಪ್ರತಿಯಾಗಿ ಬಂದುದೇ. ಒಂದು ಕಡೆ ಕೋವಿಯ ಹಕ್ಕು ಉಳಿಯಿತು; ಇನ್ನೊಂದು ಕಡೆ ಭೂಮಿಯೂ ಬಂದೂಕೂ ಒಟ್ಟಿಗೆ ಹೋದವು. ಕರ್ನಾಟಕದ ಎರಡು ಮೂಲೆಗಳ ಈ ಭಿನ್ನತೆಗೆ ಜನರ ಬೇಟೆಯ ರೂಢಿಗಳು ಕಾರಣವಲ್ಲ. ಆಳುವವರಿಗೆ ಅವರ ಮೇಲಿದ್ದ ವಿಶ್ವಾಸದ ವ್ಯತ್ಯಾಸವೇ ಕಾರಣ.

ದಾಖಲೆಯಾದ ಬೇಟೆ, ದಾಖಲೆಯಾಗದ ಬೇಟೆ

ಪರವಾನಗಿಯ ಹಂಗಿಲ್ಲದ ಅಧಿಕಾರಿಗಳ ಬೇಟೆಯಿಂದ ಈ ಸೀಮೆಯ ಪಕ್ಷಿಶಾಸ್ತ್ರ ಬೆಳೆಯಿತು. ಎ.ಒ. ಹ್ಯೂಮ್ ಸಂಪಾದಿಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಸೈನ್ಯಾಧಿಕಾರಿ ಇ.ಎ. ಬಟ್ಲರ್ 1881ರಲ್ಲಿ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದನು. ಹ್ಯೂಮ್ ಮತ್ತು ಮಾರ್ಷಲ್ ರಚಿಸಿದ ಭಾರತದ ಬೇಟೆಹಕ್ಕಿಗಳ ಗ್ರಂಥ 1879ರಿಂದ 1881ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ಸ್ಟುವರ್ಟ್ ಬೇಕರನ ಬಾತುಗಳ ಗ್ರಂಥ 1908ರಲ್ಲಿ ಬಂದಿತು. ಅಂದು ಪಕ್ಷಿಯನ್ನು ನಿಶ್ಚಿತವಾಗಿ ಗುರುತಿಸಲು ಅದನ್ನು ಹೊಡೆದು ಕೈಯಲ್ಲಿ ಹಿಡಿದು ನೋಡುವುದೇ ಅಂಗೀಕೃತ ವಿಧಾನ. ಹೊಲ ಕಾಯುವ ರೈತನೂ ಉರುಲು ಹಾಕುವ ಹರಣಶಿಕಾರಿಯೂ ಇದೇ ಹಕ್ಕಿಗಳನ್ನು ಬಲ್ಲವರಾಗಿದ್ದರು. ಅವರ ತಿಳಿವಳಿಕೆ ಪಟ್ಟಿಗಳಿಗೆ ಬಂದುದು ಹೆಚ್ಚೆಂದರೆ ಒಂದು ಕನ್ನಡ ಹೆಸರಿನ ರೂಪದಲ್ಲಿ.

ಹಕ್ಕಿಗಳ ರಕ್ಷಣೆಯ ಕಾಯಿದೆಗಳೂ ಇದೇ ಅವಧಿಯವು. 1887ರ ಕಾಯಿದೆಯ ನಂತರ ಬಂದ 1912ರ ವನ್ಯಪಕ್ಷಿ ಮತ್ತು ಪ್ರಾಣಿ ರಕ್ಷಣಾ ಕಾಯಿದೆಯ ಅನುಸೂಚಿಯಲ್ಲಿ ಬಾತುಗಳ ಹೆಸರಿದೆ. ಸ್ಥಳೀಯ ಸರಕಾರ ಗೊತ್ತುಪಡಿಸಿದ ನಿಷಿದ್ಧ ಕಾಲದಲ್ಲಿ ಅವನ್ನು ಕೊಲ್ಲುವುದೂ ಮಾರುವುದೂ ಅಪರಾಧವಾಯಿತು. ಸ್ವಾತಂತ್ರ್ಯಾನಂತರ, ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ, 1951ರ ಮುಂಬಯಿ ವನ್ಯಪ್ರಾಣಿ ಮತ್ತು ವನ್ಯಪಕ್ಷಿ ರಕ್ಷಣಾ ಕಾಯಿದೆ ಬೇಟೆಗೂ ಲೈಸೆನ್ಸನ್ನು ವಿಧಿಸಿತು. ಹೀಗೆ ಬಂದೂಕಿಗೊಂದು, ಹಕ್ಕಿಗೊಂದು ಎಂದು ಎರಡು ಕಾಗದಗಳು ಬೇಕಾದವು.

1959ರ ಆಯುಧ ಕಾಯಿದೆಯ 13ನೆಯ ಕಲಮು ಈ ಚರಿತ್ರೆಯಲ್ಲಿ ಮಹತ್ವದ್ದು. ರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ, ಬೆಳೆರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕನ್ನೂ ಅದು ಪ್ರತ್ಯೇಕಿಸಿ ಹೇಳುತ್ತದೆ. ಬಾಯಿತುಂಬುವ ಬಂದೂಕು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ರೈತನಿಗೆ ಬೇರೆ ಬಂದೂಕು. ಜನಾಂಗಭೇದ ಹೋದರೂ ಬಂದೂಕಿನ ಶ್ರೇಣಿ ಉಳಿಯಿತು. ತೋಟಾ ಬಂದೂಕಿನವರಿಗೂ ಆಯ್ಕೆ ಕ್ರಮೇಣ ಕಿರಿದಾಯಿತು. ಖಡಕಿಯ ಕಾರ್ಖಾನೆಯ 12 ಬೋರಿನ ತೋಟಾ ಅಂಗಡಿಗಳಲ್ಲಿ ದೊರೆಯುತ್ತಿತ್ತು. 16 ಮತ್ತು 20 ಬೋರಿನ ಬಂದೂಕು ಇದ್ದವರು ಆಮದಿನ ತೋಟಾಕ್ಕೆ ಕಾಯಬೇಕಾಯಿತು. ಕೇಪಿನ ಬಂದೂಕಿನ ರೈತನಿಗೆ ಈ ತೊಡಕಿರಲಿಲ್ಲ. ಮದ್ದು, ಕೇಪು, ಚರೆ ಇದ್ದರೆ ಯಾವ ಬೋರಾದರೂ ನಡೆಯುತ್ತಿತ್ತು. ನಿಜವಾದ ಅರ್ಥದಲ್ಲಿ ಹಳ್ಳಿಯ ವಿರಳ ಬೋರೆಂದರೆ ಯಾವ ಕೋಷ್ಟಕದ ಸಂಖ್ಯೆಗೂ ಹೊಂದದ ಈ ನಳಿಗೆಯೇ.

ನೀರು ಬಂದ ಕಾಲ

1972ನೆಯ ವರ್ಷ ಈ ಸೀಮೆಯ ಬಾತುಗಳ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಆ ಹೊತ್ತಿಗೆ ಪೂರ್ಣಗೊಂಡಿತು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ರೇಣುಕಾಸಾಗರವೆಂದು ಕರೆಯಲಾದ ಈ ಜಲಾಶಯದ ಸಾಮರ್ಥ್ಯ 37.73 ಟಿ.ಎಂ.ಸಿ. ಬೇಸಗೆಯಲ್ಲಿ ಮಡುಗಳಷ್ಟೇ ಉಳಿಯುತ್ತಿದ್ದ ಹೊಳೆಯ ಜಾಗದಲ್ಲಿ ವಿಶಾಲವಾದ ಹಿನ್ನೀರು ನಿಂತಿತು. ನೀರು ಇಳಿದಂತೆ ತೆರೆದುಕೊಳ್ಳುವ ಕೆಸರುದಂಡೆ ಮತ್ತು ಅಂಚಿನ ಹೊಲಗಳು ವಲಸೆ ಬಾತುಗಳಿಗೆ ಅನುಕೂಲವಾದ ನೆಲೆ. ಅದೇ ವರ್ಷದ ಸೆಪ್ಟೆಂಬರ್ 9ರಂದು ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಮೊದಲಿಗೆ ಬಾತುಗಳು ನಾಲ್ಕನೆಯ ಅನುಸೂಚಿಯಲ್ಲಿದ್ದು, ಲೈಸೆನ್ಸಿನ ಮೇಲೆ ಬೇಟೆಗೆ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ಕೊನೆಗೊಳಿಸಿತು. ಹಕ್ಕಿಗೆ ನೀರು ಹೆಚ್ಚಿದ ಕಾಲವೇ ಬಂದೂಕಿಗೆ ಬಾಗಿಲು ಮುಚ್ಚಿದ ಕಾಲವಾಯಿತು.

ಜಿಲ್ಲೆಯ ಗೋಕಾಕ ತಾಲ್ಲೂಕಿನ ಧುಪದಾಳದ ಸುತ್ತಣ ಪ್ರದೇಶ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಸುತ್ತಲಿನ ಹೊಲಗಳ ಕಡಲೆ, ಶೇಂಗಾಗಳ ಮೇಲೆ ಅವು ಇಳಿದರೂ ಊರಿನವರು ಅವನ್ನು ಸಹಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಬೆಳೆರಕ್ಷಣೆಯ ಬಂದೂಕಿಗೆ ಕಾರಣವಾಗಬಹುದಾಗಿದ್ದ ಹಕ್ಕಿ ಇಂದು ಊರಿನ ಹೆಮ್ಮೆಯ ವಿಷಯವಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯಲ್ಲಿ ಬಂದೂಕು ಭೂಮಿಗೆ ಅಂಟಿದ ಹಕ್ಕಾಗಿದ್ದುದು 1824ರಿಂದ 1878ರ ನಡುವೆ ಪರವಾನಗಿಯ ಕಾಗದಕ್ಕೆ ಇಳಿಯಿತು. ಎರಡನೆಯದಾಗಿ, 16ರ ಸಮೀಪದ ಸಿಪಾಯಿಯ ನಳಿಗೆ, ಪೊಲೀಸರ 410 ಮಸ್ಕೆಟ್ಟು, ರೈತನ ಬಾಯಿತುಂಬುವ ಬಂದೂಕು ಇವು ಮೂರೂ ಬೇರೆ ಬೇರೆ ಕಾಲದವಾದರೂ ಒಂದೇ ಧೋರಣೆಯ ಫಲಗಳು: ಜನರ ಕೈಗೆ ಆಯುಧ ಕೊಡಬೇಕಾದಾಗ ಅದರ ಶಕ್ತಿಯನ್ನು ಕುಗ್ಗಿಸಿ ಕೊಡುವುದು. ಮೂರನೆಯದಾಗಿ, ಹಕ್ಕಿಗಳ ರಕ್ಷಣೆಯ ಕಾಯಿದೆ ಇದೇ ಪರವಾನಗಿ ಪದ್ಧತಿಯ ಮೇಲೆ ನಿಂತು ಬೆಳೆಯಿತಾದರೂ ಅದರ ಉದ್ದೇಶ ಬೇರೆಯದು. ನಿಶ್ಶಸ್ತ್ರೀಕರಣ ಆಳುವವರ ಭಯದಿಂದ ಹುಟ್ಟಿತು. ಬೇಟೆಯ ನಿಷೇಧ ಜೀವಸಂಕುಲ ಅಳಿಯುತ್ತದೆಂಬ ಕಾಳಜಿಯಿಂದ ಹುಟ್ಟಿತು. ಇವೆರಡರ ಭಾರವನ್ನೂ ಮೊದಲು ಹೊತ್ತವರು ಬೇಟೆಯಿಂದ ಬದುಕುತ್ತಿದ್ದ ಸಮುದಾಯಗಳೇ. ಕಿತ್ತೂರು, ಹಲಗಲಿ, ಸುರೇಬಾನಗಳ ಚರಿತ್ರೆಯನ್ನು ರೇಣುಕಾಸಾಗರದ ಹಿನ್ನೀರಿನ ಚರಿತ್ರೆಯೊಡನೆ ಸೇರಿಸಿ ಓದಿದಾಗ ಈ ಸಮುದಾಯಗಳ ಪಾಲಿನ ನಷ್ಟವೂ, ನೀರುಹಕ್ಕಿಗಳ ಪಾಲಿನ ಲಾಭವೂ ಒಂದೇ ನೋಟಕ್ಕೆ ಒದಗುತ್ತವೆ.